ಎ ಅಕ್ಷರ ಹರಿದುಹೋದ ಡಿಕ್ಷನರಿ

ಪ್ರೀತಿಯ ಬೇಕನ್,

ಇಷ್ಟು ವರ್ಷ ಆದ ಮೇಲೆ ಆ ಹೆಸರಲ್ಲಿ ಕರೆದೆ ಅಂತ, ಅದೂ ಊರೆಲ್ಲ ನೋಡುವ ಜಾಗದಲ್ಲಿ, ಬೈಬೇಡ. ಹೆಸರಿನ ಹಿಂದಿನ ಕಥೆಯನ್ನು ಇಲ್ಲಿ ಬಿಚ್ಚಲ್ಲ. ನಿನಗೆ ಗೊತ್ತು, ನನಗೆ ಗೊತ್ತು, ಹಾಸ್ಟೆಲ್ಲಿನ ಅಡುಗೆ ಭಟ್ಟರಿಗೆ ಗೊತ್ತಿತ್ತು. ಅಷ್ಟು ಸಾಕು.

ರಾತ್ರಿ ಹನ್ನೊಂದು ದಾಟಿದೆ. ಹೊರಗೆ ಹಿಮ ಬೀಳ್ತಾ ಇದೆ, ಸದ್ದೇ ಇಲ್ಲದೆ. ಅಡುಗೆಮನೆ ಮೇಜಿನ ಮೇಲೆ ಒಂದು ರಾಶಿ ಕಾರ್ಡು. ಪೋಸ್ಟ್‌ಕಾರ್ಡಿಗಿಂತ ಚಿಕ್ಕದು, ಒಂದು ಬದಿಗೆ ಗೆರೆ. ಗೆರೆಯಿಲ್ಲದ ಕಡೆ ಒಂದೊಂದು ಇಂಗ್ಲಿಷ್ ಪದ, ಗೆರೆಯಿರುವ ಕಡೆ ಅದರ ಅರ್ಥ, ಮಗಳ ದುಂಡು ಅಕ್ಷರದಲ್ಲಿ. ಅವಳು ಈಗಷ್ಟೇ ಮಲಗಲು ಹೋದಳು. ಗುರುವಾರ ಇಂಗ್ಲಿಷ್ ಪರೀಕ್ಷೆ. ಎರಡು ವಾರದಿಂದ ಅವಳ ಜೊತೆ ನಾನೂ ಕೂತು ಓದ್ತಾ ಇದ್ದೀನಿ.

ಕಳೆದ ಸಲ ಫೋನಲ್ಲಿ ನೀನು ಕೇಳಿದ್ದೆ, "ಇಂಗ್ಲಿಷರ ಮಕ್ಕಳಿಗೆ ಇಂಗ್ಲಿಷ್ ಪಾಠ ಅಂದರೆ ಏನು ಮಾಡ್ತಾರೋ ಅಲ್ಲಿ?" ಅಂತ. ಇಪ್ಪತ್ತೈದು ವರ್ಷದಿಂದ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸ್ತಿರುವ ನಿನಗೆ ಆ ಕುತೂಹಲ ಸಹಜ. ನಾನು "ಆಮೇಲೆ ಹೇಳ್ತೀನಿ" ಅಂದಿದ್ದೆ. ಆ ಆಮೇಲೆ ಇದು.

ಇಲ್ಲಿ ಅಮೆರಿಕದಲ್ಲಿ ಹನ್ನೊಂದನೇ ತರಗತಿಗೆ ಜೂನಿಯರ್ ಇಯರ್ ಅಂತಾರೆ. ಬಹಳಷ್ಟು ಶಾಲೆಗಳಲ್ಲಿ ಆ ವರ್ಷದ ಇಂಗ್ಲಿಷ್ ಅಂದರೆ ಅಮೆರಿಕನ್ ಸಾಹಿತ್ಯ. ವ್ಯಾಕರಣ ಹೆಚ್ಚುಕಡಿಮೆ ಇಲ್ಲ. ಒಂದು ದೇಶ ತನ್ನ ಬಗ್ಗೆ ತಾನೇ ಏನೇನು ಹೇಳಿಕೊಂಡಿದೆ ಅನ್ನೋದನ್ನ ಹದಿನಾರು ವರ್ಷದ ಮಕ್ಕಳ ಮುಂದೆ ಸಾಲಾಗಿ ಇಡ್ತಾರೆ. ಇವಳ ಶಾಲೆಯಲ್ಲಿ ಸೇಲಂನಿಂದ ಶುರು. 1692ರಲ್ಲಿ ಮಾಟ ಮಾಡಿದರು ಅಂತ 19 ಜನರನ್ನು ನೇಣಿಗೆ ಹಾಕಿದ ಊರು ಅದು, ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಅದನ್ನಿಟ್ಟುಕೊಂಡು ಆರ್ಥರ್ ಮಿಲ್ಲರ್ 1953ರಲ್ಲಿ ಬರೆದ ನಾಟಕ 'ದಿ ಕ್ರೂಸಿಬಲ್'. ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಹಿಡೀತಿದ್ದ ಕಾಲ ಅದು. ಆಮೇಲೆ ನಥಾನಿಯಲ್ ಹಾಥಾರ್ನ್‌ನ 1850ರ ಕಾದಂಬರಿ 'ದಿ ಸ್ಕಾರ್ಲೆಟ್ ಲೆಟರ್'. ಸೇಲಂನಲ್ಲಿ ವಿಚಾರಣೆ ಮಾಡಿದ ನ್ಯಾಯಾಧೀಶರಲ್ಲಿ ಒಬ್ಬ ಈ ಹಾಥಾರ್ನ್‌ನ ಪೂರ್ವಜ. ಕಾದಂಬರಿಕಾರ ತನ್ನ ಹೆಸರಿಗೆ ಒಂದು ಡಬ್ಲ್ಯು ಸೇರಿಸಿಕೊಂಡ. ಆ ಪೂರ್ವಜನಿಂದ ಒಂದು ಅಕ್ಷರದಷ್ಟಾದರೂ ದೂರ ನಿಲ್ಲೋಕೆ ಅಂತ ಜನ ಊಹಿಸ್ತಾ ಬಂದಿದ್ದಾರೆ. ಆಮೇಲೆ ಎಮರ್ಸನ್, ಥೋರೋ, ಫ್ರೆಡರಿಕ್ ಡಗ್ಲಸ್, ವಿಟ್‌ಮನ್, ಎಮಿಲಿ ಡಿಕಿನ್ಸನ್, ಕೊನೆಗೆ ಮಾರ್ಕ್ ಟ್ವೈನ್‌ನ ಕಾದಂಬರಿಯ ಹುಡುಗ ಹಕ್. ಫಿಟ್ಜ್‌ಜೆರಾಲ್ಡ್‌ನ ಕಾದಂಬರಿಯ ಗ್ಯಾಟ್ಸ್‌ಬಿ ಇನ್ನೂ ಬಂದಿಲ್ಲ, ಅವನು ಮಾರ್ಚಿಗೆ.

ಪ್ರತಿ ಪುಸ್ತಕದ ಜೊತೆ ಒಂದು ಪದಪಟ್ಟಿ. ಮೊದಲೆಲ್ಲ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗಾಗಿ ಇಲ್ಲಿನ ಮಕ್ಕಳು ಯಾರೂ ಮಾತಲ್ಲಿ ಬಳಸದ ಪದಗಳನ್ನು ರಾಶಿರಾಶಿ ಬಾಯಿಪಾಠ ಮಾಡ್ತಿದ್ದರು. 2016ರಲ್ಲಿ ಆ ಥರದ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳನ್ನು ತೆಗೆದುಹಾಕಿದರು. ಆದರೂ ಹಳೇ ಕಾದಂಬರಿ ಓದಬೇಕಾದರೆ ಹಳೇ ಪದ ಬೇಕಲ್ಲ. ಇಗ್ನೊಮಿನಿ, ಪೆನಿಟೆಂಟ್, ಪ್ರಿಡಿಲೆಕ್ಷನ್, ಆಬ್ಸೀಕ್ವಿಯಸ್.

ಸ್ಪೆಲಿಂಗಿನ ವಿಷಯ ನಿನಗೆ ಹೇಳಲೇಬೇಕು. 'ನೇಬರ್' ಪದದಲ್ಲಿ ಯು ಬಿಟ್ಟಿದ್ದಕ್ಕೆ ನಮ್ಮಿಬ್ಬರಿಗೂ ಐವತ್ತು ಸಲ ಬರೆಸಿದ್ದರು, ನೆನಪಿದೆಯಾ? ಆ ಯುವನ್ನು ಬೇಕಂತಲೇ ತೆಗೆದುಹಾಕಿದವನು ನೋವಾ ವೆಬ್‌ಸ್ಟರ್. 1828ರ ಅವನ ನಿಘಂಟಿನಲ್ಲಿ 70,000 ಪದ. ಸ್ವತಂತ್ರ ದೇಶಕ್ಕೆ ಸ್ವತಂತ್ರ ಕಾಗುಣಿತ ಬೇಕು ಅನ್ನೋದು ಅವನ ಹಠ. ನಮ್ಮ ಕಿಟ್ಟೆಲ್ ಸಾಹೇಬರ 1894ರ ಕನ್ನಡ ನಿಘಂಟಿನಲ್ಲೂ ಸುಮಾರು 70,000 ಪದ ಅಂತ ಓದಿದಾಗ ಯಾಕೋ ಬಹಳ ಸಂತೋಷ ಆಯ್ತು ಕಣೋ. ಸರಿಸಮ ನಿಂತ ಹಾಗೆ ಅನ್ನಿಸಿತು.

ನಮ್ಮ ಡಿಕ್ಷನರಿ ಮಾತ್ರ ಬಿ ಅಕ್ಷರದಿಂದ ಶುರು ಆಗ್ತಿತ್ತು. ಎ ಪೂರ್ತಿ ಹರಿದುಹೋಗಿತ್ತು. ರಟ್ಟಿಲ್ಲದ, ಹೊಲಿಗೆ ಬಿಚ್ಚಿದ, ಹಾಸ್ಟೆಲ್ಲಿನ ಮೂವತ್ತು ಹುಡುಗರ ಒಂದೇ ಒಂದು ಡಿಕ್ಷನರಿ. ಮೊದಲ ಪದ ಯಾವುದಿತ್ತು ಅಂತ ಓದುವವರಿಗೆ ಹೇಳಬೇಕಾಗಿಲ್ಲ.

ಮೊನ್ನೆ ಶನಿವಾರ ಸಂಜೆ ಒಂದು ವಿಷಯ ನಡೀತು. ಈ ಪತ್ರ ಬರೆಯೋಕೆ ಅದೇ ಕಾರಣ.

ನಾನು ಕಾರ್ಡು ಎತ್ತಿ ಪದ ಓದೋದು, ಅವಳು ಅರ್ಥ ಹೇಳೋದು, ಹೀಗೆ ನಡೀತಿತ್ತು. ಆಬ್ಸೀಕ್ವಿಯಸ್ ಬಂತು. ಅವಳಿಗೆ ಮೂರನೇ ಸಲವೂ ನೆನಪಾಗಲಿಲ್ಲ. ಕಾರ್ಡಿನ ಹಿಂದೆ ಬರೆದಿದ್ದನ್ನ ನಾನು ಇಂಗ್ಲಿಷಲ್ಲೇ ಬಿಡಿಸಿ ಹೇಳಿದೆ, ಅವಳು ತಲೆ ಅಲ್ಲಾಡಿಸಿದಳು, ಒಳಗೆ ಏನೂ ಇಳೀಲಿಲ್ಲ ಅಂತ ಮುಖದಲ್ಲೇ ಕಾಣ್ತಿತ್ತು. ಆಗ ನನ್ನ ಬಾಯಿಂದ ತಾನಾಗೇ ಬಂತು: "ಹಲ್ಲುಗಿಂಜೋದು ಕಣೇ." ಹಾಗಂದರೇನು ಅಂದಳು. ಎದ್ದು ನಿಂತೆ. ಹೆಗಲ ಮೇಲೆ ಟವೆಲ್ ಇತ್ತು, ಅದನ್ನ ಕಂಕುಳಿಗೆ ತಗೊಂಡು, ಬೆನ್ನು ಬಗ್ಗಿಸಿ, ಮೂವತ್ತೆರಡೂ ಹಲ್ಲು ಬಿಟ್ಟು, "ಬುದ್ಧೀ, ತಾವು ಹೇಳಿದ ಮೇಲೆ ಮುಗೀತು, ಮಳೆ ಕೆಳಗಿಂದ ಮೇಲಕ್ಕೆ ಬೀಳುತ್ತೆ ಅಂದ್ರೂ ಹೌದು ಬುದ್ಧೀ" ಅಂದೆ. ನಮ್ಮ ಕಾಲೇಜ್ ಡೇ ನಾಟಕದ ಆ ಶಾನುಭೋಗನ ಪಾತ್ರ, ನೆನಪಾಯ್ತಾ? ಅದೇ ಗತ್ತು.

ಅವಳು ನಕ್ಕಳು. ಕುರ್ಚಿಯಿಂದ ಜಾರುವಷ್ಟು. ನಗ್ತಾ ನಗ್ತಾ ಕಣ್ಣು ಒರೆಸಿಕೊಂಡು, "ಅಪ್ಪಾ, ಯು ಆರ್ ಫನ್ನಿ ಇನ್ ಕನ್ನಡ" ಅಂದಳು.

ನಾನೂ ನಗ್ತಿದ್ದೆ. ಇಂಗ್ಲಿಷಲ್ಲಿ ಹೇಗಿರ್ತೀನಿ ಅಂತ ಕೇಳಿದೆ. ಅವಳು ಒಂದು ಕ್ಷಣ ಯೋಚನೆ ಮಾಡಿದಳು. ನೋಯಿಸಬೇಕು ಅಂತ ಖಂಡಿತ ಅಲ್ಲ, ಕೇಳಿದ್ದಕ್ಕೆ ಸರಿಯಾದ ಉತ್ತರ ಹುಡುಕ್ತಿದ್ದಳು ಅಷ್ಟೆ. ಇಂಗ್ಲಿಷಲ್ಲಿ ನೀನು ಯಾವಾಗಲೂ ಮೀಟಿಂಗಲ್ಲಿ ಇರೋ ಹಾಗೆ ಇರ್ತೀಯ ಅಂದಳು.

ಮುಂದಿನ ಕಾರ್ಡು ಎತ್ತಿದೆ. ಆದರೆ ಆ ಮಾತು ಎದೆಯಲ್ಲೇ ಉಳೀತು. ಹದಿನಾರು ವರ್ಷದಿಂದ ಒಂದೇ ಸೂರಿನಡಿ ಇದ್ದೀವಿ. ನನ್ನ ಮಗಳಿಗೆ ಗೊತ್ತಿರೋದು ಮೀಟಿಂಗಲ್ಲಿರುವ ಮನುಷ್ಯ ಮಾತ್ರ. ಅಳೆದು, ತೂಗಿ, ತಪ್ಪಾಗದ ಹಾಗೆ ವಾಕ್ಯ ಜೋಡಿಸುವವನು. ನಿನ್ನ ಜೊತೆ ರಾತ್ರಿಯಿಡೀ ಮಾತಾಡ್ತಿದ್ದವನು, ಬಸ್ ಸ್ಟ್ಯಾಂಡಲ್ಲಿ ಹತ್ತು ಜನರನ್ನು ಸುತ್ತ ನಿಲ್ಲಿಸಿಕೊಂಡು ಕಥೆ ಹೇಳ್ತಿದ್ದವನು, ಅವನನ್ನ ಅವಳು ಕಂಡೇ ಇಲ್ಲ. ನೀನು ಫೋನ್ ಮಾಡಿದಾಗ ಮುಚ್ಚಿದ ಬಾಗಿಲ ಆಚೆಯಿಂದ ನನ್ನ ನಗು ಕೇಳ್ತಿತ್ತಂತೆ. ಚಿಕ್ಕವಳಿದ್ದಾಗ, ಒಳಗೆ ಯಾರೋ ಬೇರೆಯವರಿದ್ದಾರೆ ಅಂದುಕೊಳ್ತಿದ್ದಳಂತೆ.

ಭಾನುವಾರ 'ಕ್ರೂಸಿಬಲ್' ಸರದಿ. ಶೀರ್ಷಿಕೆಯ ಅರ್ಥ ಏನು ಅಂತ ಒಂದು ಪ್ರಶ್ನೆ ಬಂದೇ ಬರುತ್ತಂತೆ. ಕಾರ್ಡಿನಲ್ಲಿ ಎರಡು ಅರ್ಥ ಬರೆದುಕೊಂಡಿದ್ದಳು: ಲೋಹ ಕರಗಿಸುವ ಪಾತ್ರೆ, ಕಠಿಣ ಪರೀಕ್ಷೆ. ಬಾಯಿಪಾಠ ಆಗಿತ್ತು. ನೋಡಿದ್ದೀಯಾ ಅಂತ ಕೇಳಿದೆ, ಕೆಮಿಸ್ಟ್ರಿ ಲ್ಯಾಬಲ್ಲಿ ಒಂದು ಬಿಳಿ ಬಟ್ಟಲು ಇದೆ ಅಂದಳು.

ಆಗ ನಿಮ್ಮಪ್ಪನ ಅಂಗಡಿಯನ್ನ ಅವಳಿಗೆ ತೋರಿಸಿದೆ ಕಣೋ. ಕನ್ನಡದಲ್ಲೇ. ಅವಳಿಗೆ ಅರ್ಥ ಆಗದ ಕಡೆ ಮಾತ್ರ ಇಂಗ್ಲಿಷ್. ಒಂದು ಮೆಟ್ಟಿಲು ಇಳಿದು ಒಳಗೆ ಹೋಗಬೇಕಾದ ಆ ಕೋಣೆ, ನೆಲದಲ್ಲೇ ಅಗ್ಗಿಷ್ಟಿಕೆ, ಬಾಗಿ ಕೂತ ನಿಮ್ಮಪ್ಪ, ಬಾಯಲ್ಲಿ ಊದುಗೊಳವೆ, ಕೆನ್ನೆ ಎರಡೂ ಉಬ್ಬಿರೋದು. ಇದ್ದಿಲ ನಡುವೆ ಹೆಬ್ಬೆರಳಿನಷ್ಟು ಮೂಸೆ. ಅದರೊಳಗೆ ಯಾರದೋ ಮುರಿದ ಓಲೆ, ಯಾರದೋ ಸವೆದ ಉಂಗುರ. ಒಂದು ಚಿಟಿಕೆ ಬಿಳಿಗಾರ ಉದುರಿಸ್ತಿದ್ದರು. ಮೊದಲು ಓಲೆಯ ಅಂಚು ಮೆತ್ತಗಾಗೋದು, ಆಮೇಲೆ ಓಲೆ ಓಲೆಯಾಗಿ ಇರ್ತಿರಲಿಲ್ಲ, ಒಂದು ಕೆಂಪು ಹನಿ ಆಗಿ ತನ್ನಷ್ಟಕ್ಕೆ ತಾನು ನಡುಗ್ತಿತ್ತು. ಆ ನಡುಗೋದನ್ನ ನೋಡೋಕೆ ಅಂತಲೇ ನಾನು ಶಾಲೆ ಬಿಟ್ಟ ಮೇಲೆ ನಿಮ್ಮನೆಗೆ ಬರ್ತಿದ್ದೆ, ನಿನ್ನ ಜೊತೆ ಆಡೋಕೆ ಅಲ್ಲ. ಇದನ್ನ ನಿನಗೆ ಯಾವತ್ತೂ ಹೇಳಿರಲಿಲ್ಲ.

ಮಗಳು ಪೆನ್ಸಿಲ್ ಕೆಳಗಿಟ್ಟಳು. ನಾಟಕದ ಕೊನೆಯಲ್ಲಿ, ಮಾಟದ ಆರೋಪ ಹೊತ್ತ ಜಾನ್ ಪ್ರಾಕ್ಟರ್ ಸುಳ್ಳು ತಪ್ಪೊಪ್ಪಿಗೆಗೆ ಸಹಿ ಹಾಕಿ, ಆ ಕಾಗದವನ್ನು ಊರ ಮುಂದೆ ಅಂಟಿಸ್ತಾರೆ ಅಂದಾಗ ಕೊಡಲಾರೆ ಅಂತಾನೆ. ಯಾಕೆ ಅಂದರೆ, ಅದು ನನ್ನ ಹೆಸರು ಅಂತಾನೆ. ಪ್ರಾಣ ಉಳಿಯೋ ಹೊತ್ತಲ್ಲಿ ಹೆಸರಿಗೆ ಯಾಕೆ ಅಷ್ಟು ಅಂಟಿಕೊಂಡ ಅನ್ನೋದು ಅವಳಿಗೆ ಅರ್ಥ ಆಗಿರಲಿಲ್ಲ. ನಮ್ಮಲ್ಲಿ 'ಹೆಸರು ಕೆಟ್ಟಿತು' ಅಂತೀವಿ, ಹಾಲು ಕೆಡುತ್ತಲ್ಲ ಹಾಗೆ, ಕೆಟ್ಟ ಮೇಲೆ ಮತ್ತೆ ಹಾಲು ಮಾಡೋಕಾಗಲ್ಲ ಅಂದೆ. "ಓಹ್" ಅಂದಳು. ಆ ಒಂದು 'ಓಹ್'ಗೋಸ್ಕರ ನೀನು ಇಪ್ಪತ್ತೈದು ವರ್ಷ ಬ್ಲ್ಯಾಕ್‌ಬೋರ್ಡಿನ ಮುಂದೆ ನಿಂತಿದ್ದೀಯ ಅಂತ ಅವತ್ತು ಗೊತ್ತಾಯ್ತು.

ಡಗ್ಲಸ್‌ನ ಪುಸ್ತಕವನ್ನು ನೀನು ಓದಲೇಬೇಕು. ಕಳಿಸ್ತೀನಿ. 1845ರಲ್ಲಿ ಬರೆದ ಆತ್ಮಕಥೆ, ದೊಡ್ಡದಲ್ಲ. ಗುಲಾಮನಾಗಿ ಹುಟ್ಟಿದವನು. ಬಾಲ್ಟಿಮೋರ್‌ನಲ್ಲಿ ಯಜಮಾನಿ ಅಕ್ಷರ ಹೇಳಿಕೊಡೋಕೆ ಶುರು ಮಾಡಿದಳು, ಯಜಮಾನ ಬಂದು ನಿಲ್ಲಿಸಿದ: ಓದು ಬಂದರೆ ಇವನು ಗುಲಾಮನಾಗಿ ಉಳಿಯಲ್ಲ ಅಂತ. ಹುಡುಗನಿಗೆ ಅದೇ ದಾರಿ ತೋರಿಸಿತು. ಮನೆಯಿಂದ ಬ್ರೆಡ್ಡು ತಗೊಂಡು ಹೋಗಿ ಬೀದಿಯ ಬಡ ಬಿಳಿ ಹುಡುಗರಿಗೆ ಕೊಟ್ಟು, ಬದಲಿಗೆ ಪಾಠ ಹೇಳಿಸಿಕೊಂಡ. ಹಡಗು ಕಟ್ಟುವ ಅಂಗಳದಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ ಗುರುತಿಗೆ ಅಕ್ಷರ ಬರೀತಿದ್ದರು: ಎಡಬದಿಗೆ ಎಲ್, ಬಲಬದಿಗೆ ಎಸ್, ಮುಂಭಾಗಕ್ಕೆ ಎಫ್, ಹಿಂಭಾಗಕ್ಕೆ ಎ. ಅವನು ಮೊದಲು ಬರೆಯೋಕೆ ಕಲಿತದ್ದು ಆ ನಾಲ್ಕು ಅಕ್ಷರ. ಬೇಲಿ, ಇಟ್ಟಿಗೆ ಗೋಡೆ, ರಸ್ತೆ ಅವನ ಕಾಪಿಪುಸ್ತಕ, ಒಂದು ಸುಣ್ಣದ ಕಡ್ಡಿ ಅವನ ಲೇಖನಿ.

ಅದರಲ್ಲಿ ಒಂದು ಪದದ ಪ್ರಸಂಗ ಇದೆ. ದೊಡ್ಡವರು ಕೋಪದಲ್ಲಿ 'ಅಬಾಲಿಷನ್' ಅನ್ನೋ ಪದ ಬಳಸೋದನ್ನ ಅವನು ಕೇಳಿಸಿಕೊಳ್ತಾನೆ. ತನಗೆ ಸಂಬಂಧಪಟ್ಟದ್ದೇ ಇರಬೇಕು ಅನ್ನಿಸುತ್ತೆ. ಡಿಕ್ಷನರಿ ತೆಗೆದು ನೋಡ್ತಾನೆ: ಅಬಾಲಿಷ್ ಮಾಡುವ ಕ್ರಿಯೆ ಅಂತ ಬರೆದಿರುತ್ತೆ. ಏನನ್ನ ಅಬಾಲಿಷ್ ಮಾಡೋದು ಅಂತ ಇರಲ್ಲ. ಯಾರನ್ನೂ ಕೇಳುವ ಹಾಗೂ ಇಲ್ಲ. ಬಹಳ ದಿನ ಆದ ಮೇಲೆ ಒಂದು ಪತ್ರಿಕೆಯಲ್ಲಿ ಗುಲಾಮಗಿರಿ ತೆಗೆದುಹಾಕಿ ಅಂತ ಸಲ್ಲಿಸಿದ ಅರ್ಜಿಗಳ ಸುದ್ದಿ ಓದಿದಾಗ ಗೊತ್ತಾಗುತ್ತೆ. ಆಮೇಲೆ ಆ ಪದ ಯಾರ ಬಾಯಲ್ಲಿ ಬಂದರೂ ಹತ್ತಿರ ಸರಿದು ನಿಲ್ತಿದ್ದನಂತೆ. ಓದಿ ಮುಗಿಸಿ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಅವನ ಕತ್ತಲೆಗೂ ನಮ್ಮ ಹಾಸ್ಟೆಲ್ಲಿನ ಹರಕು ಡಿಕ್ಷನರಿಗೂ ಹೋಲಿಕೆ ಮಾಡೋದು ತಪ್ಪು, ಮಾಡಲ್ಲ. ಆದರೆ ಎ ಇಂದ ಶುರುವಾಗುವ ಪದವೊಂದಕ್ಕೆ ಅರ್ಥ ಸಿಗದೆ ಒದ್ದಾಡಿದ ಹುಡುಗನನ್ನ ಓದುವಾಗ ನಿನ್ನ ಮುಖ ಕಣ್ಣ ಮುಂದೆ ಬಂತು.

ಇನ್ನು 'ಸ್ಕಾರ್ಲೆಟ್ ಲೆಟರ್'ನ ನಾಯಕಿ ಹೆಸ್ಟರ್ ಪ್ರಿನ್. ಇಲ್ಲಿಂದ ಬರೆಯೋದು ಕಷ್ಟ.

ವ್ಯಭಿಚಾರ ಮಾಡಿದಳು ಅಂತ ಬಾಸ್ಟನ್ನಿನ ಹಳೇ ಪ್ಯೂರಿಟನ್ನರು, ಕಟ್ಟುನಿಟ್ಟಿನ ಕ್ರೈಸ್ತ ಪಂಥದವರು, ಹೆಸ್ಟರ್‌ಳ ಎದೆ ಮೇಲೆ ಎ ಅಕ್ಷರ, ಅಡಲ್ಟರಿಯ ಎ, ಹೊಲಿಸ್ತಾರೆ. ಅವಳು ಅದನ್ನ ಕೆಂಪು ಬಟ್ಟೆಯಲ್ಲಿ ಚಿನ್ನದ ಜರಿ ಹಾಕಿ ಕಸೂತಿ ಮಾಡಿ ತೊಟ್ಟುಕೊಳ್ತಾಳೆ. ವರ್ಷ ಕಳೆದ ಹಾಗೆ ಊರಿನ ಕಷ್ಟಸುಖಕ್ಕೆಲ್ಲ ಅವಳೇ ಬೇಕಾಗ್ತಾಳೆ, ಜನ ಆ ಎ ಅಂದರೆ ಏಬಲ್, ಸಮರ್ಥೆ, ಅನ್ನೋಕೆ ಶುರು ಮಾಡ್ತಾರೆ. ಅಕ್ಷರ ಅದೇ, ಅರ್ಥ ಮಾತ್ರ ಹೊಸದು. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಬಂಧ ಬರಬಹುದು ಅಂತ ಮಗಳು ತಯಾರಿ ಮಾಡಿಕೊಂಡಿದ್ದಾಳೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ ಜಾಗ. ಹೆಸ್ಟರ್‌ಗೆ ಪರ್ಲ್ ಅಂತ ಪುಟ್ಟ ಮಗಳು. ಸಮುದ್ರದ ಹಸಿರು ಪಾಚಿಹುಲ್ಲಿನಲ್ಲಿ ತಾನೂ ಒಂದು ಎ ಮಾಡಿ ಎದೆಗೆ ಅಂಟಿಸಿಕೊಂಡು ಬರ್ತಾಳೆ. ಅಮ್ಮಾ, ಆ ಅಕ್ಷರದ ಅರ್ಥ ಏನು, ಯಾಕೆ ತೊಟ್ಟಿದ್ದೀಯ ಅಂತ ಕೇಳ್ತಾಳೆ. ಊರಿಗೆಲ್ಲ ಎದೆಕೊಟ್ಟು ನಿಂತ ಹೆಸ್ಟರ್, ಮಗಳಿಗೆ ಸುಳ್ಳು ಹೇಳ್ತಾಳೆ: ಚಿನ್ನದ ದಾರ ಚೆನ್ನಾಗಿದೆ ಅಂತ ತೊಟ್ಟಿದ್ದೀನಿ.

ಆ ಪುಟ ಓದಿ ಮುಗಿಸಿದ ಮೇಲೆ ನನ್ನ ಮಗಳು ಕೇಳಿದಳು. ಅಪ್ಪಾ, ನನಗ್ಯಾಕೆ ನೀನು ಕನ್ನಡ ಕಲಿಸಲಿಲ್ಲ?

ನಾನು ಹೇಳಿದೆ, ನಿನಗೆ ಶಾಲೆಯಲ್ಲಿ ಕಷ್ಟ ಆಗಬಾರದು ಅಂತ.

ಚಿನ್ನದ ದಾರ.

ನಿಜ ಏನು ಅಂತ ನಿನಗೆ ಹೇಳ್ತೀನಿ. ಇವಳಿಗೆ ಮೂರು ವರ್ಷ ಇದ್ದಾಗ ಶಿಶುವಿಹಾರದಲ್ಲಿ ಒಬ್ಬರು, ಮಗು ಎರಡು ಭಾಷೆ ಬೆರೆಸ್ತಾಳೆ, ಸ್ವಲ್ಪ ದಿನ ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂದರು. ಅವರು ಹೇಳಿದ್ದು ಸ್ವಲ್ಪ ದಿನ. ನನ್ನ ಹೆಂಡತಿ ಬೇಡವೇ ಬೇಡ ಅಂದಳು. ಹಠ ಹಿಡಿದವನು ನಾನು. ಯಾಕೆಂದರೆ ಆ ಹೊತ್ತಿಗೆ ನಾನು ಇಲ್ಲಿ ಹತ್ತು ವರ್ಷ 'ಸಾರಿ, ಇನ್ನೊಂದು ಸಲ ಹೇಳ್ತೀರಾ' ಅನ್ನೋದನ್ನ ಕೇಳಿಸಿಕೊಂಡಿದ್ದೆ. ಫೋನಲ್ಲಿ, ಬ್ಯಾಂಕಲ್ಲಿ, ಮೀಟಿಂಗಲ್ಲಿ. ಪ್ರತಿ ಸಲ ಒಳಗೆ ಏನೋ ಒಂದು ಚೂರು ಕುಗ್ತಿತ್ತು. ನನ್ನ ಮಗಳು ಅದನ್ನ ಯಾವತ್ತೂ ಕೇಳಬಾರದು ಅಂತ ತೀರ್ಮಾನ ಮಾಡಿದ್ದೆ.

ಒಂದು ಸಂಜೆ ಆಫೀಸಿನಿಂದ ಬಂದೆ. ಬಾಗಿಲಿಗೆ ಓಡಿ ಬಂದು ಎರಡೂ ಕೈ ಮೇಲೆತ್ತಿ "ಅಪ್ಪಾ, ಎತ್ಕೋ" ಅಂದಳು. ನಾನು ಎತ್ತಿಕೊಳ್ಳಲಿಲ್ಲ. ಇಂಗ್ಲಿಷಲ್ಲಿ ಹೇಳು ಅಂದೆ. ಅವಳು ಮತ್ತೆ "ಎತ್ಕೋ" ಅಂದಳು. ನಾನು ನಿಂತೇ ಇದ್ದೆ. ಬೂಟು ಕೂಡ ಬಿಚ್ಚಿರಲಿಲ್ಲ. "ಪಿಕ್ ಮಿ ಅಪ್" ಅನ್ನುವವರೆಗೂ ಎತ್ತಿಕೊಳ್ಳಲಿಲ್ಲ ಕಣೋ. ಎಷ್ಟು ಹೊತ್ತು ಅಂತ ನೆನಪಿಲ್ಲ. ಅವಳ ಕೈಗಳು ಮೇಲೇ ಇದ್ದವು, ಅದು ನೆನಪಿದೆ.

ಅವಳಿಗೆ ಇದು ನೆನಪಿಲ್ಲ. ಹೆಂಡತಿ ನೋಡಿದ್ದಳು, ಅವತ್ತೂ ಏನೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ.

ಬರೆಯಬಾರದು ಅಂದುಕೊಂಡಿದ್ದನ್ನೇ ಬರೆದುಬಿಟ್ಟೆ. ಬರೆದದ್ದು ಬರೆದೆ, ಇರಲಿ. ನಿನ್ನ ಹತ್ತಿರ ಹೇಳಬೇಕಾದ್ದು ಇನ್ನೊಂದಿದೆ, ಅದನ್ನೂ ಹೇಳಿ ಮುಗಿಸ್ತೀನಿ.

ನಾನು ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ನೀನು ಬರೆದ ಪತ್ರಗಳು ಒಂದು ಬೂಟಿನ ಡಬ್ಬಿಯಲ್ಲಿವೆ. ಮೂವತ್ತೇಳು. ಎಲ್ಲ ಕನ್ನಡದಲ್ಲಿ. ಅಂಚಿನಲ್ಲೂ ಅಡ್ಡಡ್ಡ ಬರೆದು, ಅಂಟಿಸುವ ಮಡಿಕೆಯ ಮೇಲೂ ಎರಡು ಸಾಲು ಸೇರಿಸಿ ಕಳಿಸ್ತಿದ್ದೆ. ನಾನು ಇಂಗ್ಲಿಷಲ್ಲಿ ಈಮೇಲ್ ಮಾಡ್ತಿದ್ದೆ. ಕನ್ನಡ ಟೈಪ್ ಮಾಡೋಕೆ ಬರಲ್ಲ ಅಂತ ಹೇಳ್ತಿದ್ದೆ. ಕಾಗದ, ಪೆನ್ನು ಎರಡೂ ನನ್ನ ಹತ್ತಿರ ಇದ್ದವು. ನನ್ನ ಇಂಗ್ಲಿಷ್ ಎಷ್ಟು ಚೆನ್ನಾಗಾಗಿದೆ ಅಂತ ನಿನಗೆ ಕಾಣಲಿ ಅನ್ನೋ ಆಸೆ ಇತ್ತು, ಇಡೀ ಹಾಸ್ಟೆಲ್ಲಲ್ಲಿ ಇಂಗ್ಲಿಷಲ್ಲಿ ನನಗಿಂತ ಮುಂದಿದ್ದವನು ನೀನೇ ತಾನೆ. ಆಮೇಲೆ ನೀನೂ ಇಂಗ್ಲಿಷಲ್ಲೇ ಉತ್ತರ ಬರೆಯೋಕೆ ಶುರು ಮಾಡಿದೆ. ಪತ್ರ ಅರ್ಧ ಪುಟ ಆಯ್ತು, ಆಮೇಲೆ ನಾಲ್ಕು ಸಾಲು, ಆಮೇಲೆ ಹಬ್ಬದ ಶುಭಾಶಯ. ದೂರ ಆದರೆ ಹೀಗೇ ಅಂದುಕೊಂಡಿದ್ದೆ. ದೂರದಿಂದ ಹಾಗಾಗಿದ್ದಲ್ಲ.

ಮಕ್ಕಳಿಗೆ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿಕೊಡ್ತೀಯ ಅಂತ ತಪಾಸಣೆಗೆ ಬಂದವರು ನಿನ್ನನ್ನ ಮಕ್ಕಳ ಮುಂದೆಯೇ ಬೈದರು ಅಂತ ಒಮ್ಮೆ ಹೇಳಿದ್ದೆಯಲ್ಲ. ನಾನು ಅವರು ಹೇಳೋದೂ ಸರಿ ಅಲ್ವಾ ಅಂದಿದ್ದೆ. ನೀನು ಮಾತು ಬದಲಿಸಿದೆ. ಮೂಸೆಯನ್ನು ಮೂಸೆ ಅಂತ ಹೇಳಿದಾಗ ಮಗಳ ಮುಖ ಹೇಗಾಯ್ತು ಅಂತ ನೋಡಿದ ಮೇಲೆ ಗೊತ್ತಾಯ್ತು, ನೀನು ಸರಿ. ಅವತ್ತೇ ಸರಿ ಇದ್ದೆ.

ಒಂದು ಹಿಡಿದರೆ ಇನ್ನೊಂದು ಬಿಡಲೇಬೇಕು ಅಂತ ನನಗೆ ಯಾರು ಹೇಳಿದ್ದರು? ಎ.ಕೆ. ರಾಮಾನುಜನ್ ನಮ್ಮ ಮೈಸೂರಿನವರು. 1993ರಲ್ಲಿ ತೀರಿಕೊಳ್ಳುವವರೆಗೂ ಶಿಕಾಗೋದಲ್ಲಿ ಪಾಠ ಮಾಡ್ತಾ ಇಂಗ್ಲಿಷಲ್ಲೂ ಕನ್ನಡದಲ್ಲೂ ಕವಿತೆ ಬರೆದರು. 1973ರಲ್ಲಿ ಬಸವಣ್ಣ, ಅಕ್ಕ, ಅಲ್ಲಮ, ದಾಸಿಮಯ್ಯನ ವಚನಗಳನ್ನ ಅವರು ಇಂಗ್ಲಿಷಿಗೆ ತಂದ ಪುಸ್ತಕ ನಮ್ಮ ಕಪಾಟಲ್ಲಿ ಮೊದಲಿಂದ ಇತ್ತು. ಮಗಳು ಮೊನ್ನೆ ಅದನ್ನ ತಾನಾಗೇ ಎಳೆದುಕೊಂಡಳು. ಡಿಕಿನ್ಸನ್ ಹಾಗೆ ಇದೆ, ಚಿಕ್ಕದಾಗಿ, ನಡುವೆ ಉಸಿರು ಬಿಟ್ಟು ಅಂದಳು. ಡಿಕಿನ್ಸನ್ ಅಂದರೆ ಇವಳಿಗೆ ಪ್ರಾಣ. ಸುಮಾರು 1,800 ಕವಿತೆ ಬರೆದು, ಬದುಕಿದ್ದಾಗ ಹತ್ತರ ಆಸುಪಾಸು ಮಾತ್ರ ಅಚ್ಚಾಗಿ, ಉಳಿದದ್ದನ್ನ ಕೈಯಲ್ಲೇ ಹೊಲಿದು ಇಟ್ಟು 1886ರಲ್ಲಿ ಹೋದವಳು. ಆಮೇಲೆ ತಂಗಿಗೆ ಸಿಕ್ಕವು. ಅಕ್ಕನ ಮೂಲ ವಚನ ಒಂದನ್ನ ನಾನು ಓದಿ ಹೇಳಿದೆ, ಮಗಳು ಇನ್ನೊಮ್ಮೆ ಓದಿಸಿದಳು. ಈ ಅರ್ಧ ಗಂಟೆ ಪರೀಕ್ಷೆಗೆ ಏನೂ ಉಪಯೋಗ ಇಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಬಿಸಿಲು ಬಂತು. ಓದಿದ್ದು ಸಾಕು ಅಂತ ವಾಲ್ಡೆನ್ ಕೆರೆಗೆ ಹೋದೆವು. ಥೋರೋ 1845ರ ಜುಲೈನಲ್ಲಿ ಹೋಗಿ ಎರಡು ವರ್ಷ, ಎರಡು ತಿಂಗಳು, ಎರಡು ದಿನ ಇದ್ದ ಜಾಗ. ಮನೆ ಕಟ್ಟೋಕೆ ಆದ ಖರ್ಚು 28 ಡಾಲರ್ 12½ ಸೆಂಟ್ ಅಂತ ತನ್ನ 'ವಾಲ್ಡೆನ್' ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟಿದ್ದಾನೆ. ಕಾರು ನಿಲ್ಲಿಸುವ ಕಡೆ ಆ ಮನೆಯ ಪ್ರತಿಕೃತಿ ಇದೆ, ನಮ್ಮ ಹಾಸ್ಟೆಲ್ ರೂಮಿನಷ್ಟೇ. ಒಳಗೆ ಮೂರು ಕುರ್ಚಿ: ಒಂದು ಏಕಾಂತಕ್ಕೆ, ಎರಡು ಸ್ನೇಹಕ್ಕೆ, ಮೂರು ಸಮಾಜಕ್ಕೆ ಅಂತ ಅವನ ಮಾತು. ಎರಡನೆಯದರ ಮುಂದೆ ನಿಂತು ಒಂದು ಫೋಟೋ ತೆಗೆದೆ. ನಿನಗೆ ಕಳಿಸಿದ್ದೀನಿ, ಖಾಲಿ ಕುರ್ಚಿಯ ಫೋಟೋ ಯಾಕೆ ಅಂತ ಕೇಳಿದ್ದೆಯಲ್ಲ, ಅದು.

ಕೆರೆ ಪೂರ್ತಿ ಹೆಪ್ಪುಗಟ್ಟಿತ್ತು. ನಡುವೆ ಇಬ್ಬರು ತೂತು ಕೊರೆದು ಮೀನಿಗೆ ಗಾಳ ಹಾಕಿ ಕೂತಿದ್ದರು. ಥೋರೋ ಇದ್ದ ಎರಡನೇ ಚಳಿಗಾಲ, 1846–47, ನೂರು ಕೂಲಿಗಳು ಬಂದು ಈ ಕೆರೆಯ ಮಂಜುಗಡ್ಡೆಯನ್ನು ಹೊಲ ಉತ್ತ ಹಾಗೆ ಉತ್ತು, ಕೊಯ್ದು ಒಟ್ಟಿದರಂತೆ. ಆ ಕಾಲಕ್ಕೆ ಬಾಸ್ಟನ್ನಿನ ಟ್ಯೂಡರ್ ಅನ್ನುವ ವ್ಯಾಪಾರಿ ಮಂಜುಗಡ್ಡೆಯನ್ನು ಹಡಗಲ್ಲಿ ಭಾರತಕ್ಕೆ ಕಳಿಸ್ತಿದ್ದ. ಕಲ್ಕತ್ತಾಗೆ ಮೊದಲ ಹಡಗು 1833ರಲ್ಲಿ. ಮದ್ರಾಸಿನ ಮರೀನಾ ಎದುರಿಗಿರುವ ಐಸ್ ಹೌಸ್ ಅವನು ಕಟ್ಟಿಸಿದ್ದೇ, ನಾವಿಬ್ಬರೂ ಅದರ ಮುಂದೆ ನಿಂತು ಸುಂಡಲ್ ತಿಂದಿದ್ದೀವಿ. ಥೋರೋ ಬೆಳಿಗ್ಗೆ ಭಗವದ್ಗೀತೆ ಓದ್ತಿದ್ದವನು, ತನ್ನ ಕೆರೆಯ ನೀರು ಗಂಗೆಯ ನೀರಿಗೆ ಸೇರ್ತಿದೆ ಅಂತ ಬರೆದ. ಗಣಿತದ ಪಾಠದಲ್ಲಿ ಹತ್ತು ಅಂಕ ಜಾಸ್ತಿ ಬಂದಷ್ಟು ಖುಷಿಯಾಯ್ತು ಮಗಳಿಗೆ, ಇದನ್ನ ಪ್ರಬಂಧದಲ್ಲಿ ಹಾಕ್ತೀನಿ ಅಂದಳು.

ಆದರೆ ಅವಳಿಗಿಂತ ನನಗೆ ಹಿಡಿಸಿದ್ದು ಅದರ ಮುಂದಿನ ಸಾಲುಗಳು. ಒಟ್ಟಿದ ಆ ರಾಶಿ ಹತ್ತು ಸಾವಿರ ಟನ್ ಇತ್ತು ಅಂತ ಅಂದಾಜು. ಹುಲ್ಲು, ಹಲಗೆ ಮುಚ್ಚಿದ್ದರು. ಮುಂದಿನ ಜುಲೈನಲ್ಲಿ ಮುಚ್ಚಳ ತೆಗೆದು ಸ್ವಲ್ಪ ಸಾಗಿಸಿದರು, ಉಳಿದದ್ದು ಬಿಸಿಲಲ್ಲೇ ನಿಂತಿತ್ತು. ಆ ಬೇಸಿಗೆ ಕಳೀತು, ಇನ್ನೊಂದು ಚಳಿಗಾಲ ಕಳೀತು. 1848ರ ಸೆಪ್ಟೆಂಬರ್‌ವರೆಗೂ ಪೂರ್ತಿ ಕರಗಲಿಲ್ಲ. ಕರಗಿದ್ದೆಲ್ಲ ಕೆರೆಗೇ ವಾಪಸ್ ಹೋಯ್ತು, ಕೆರೆ ತನ್ನದರಲ್ಲಿ ಹೆಚ್ಚಿನ ಪಾಲು ತಿರುಗಿ ಪಡೆಯಿತು ಅಂತ ಬರೆದಿದ್ದಾನೆ. ಆ ಪುಟವನ್ನ ಮಂಜಿನ ಮೇಲೆ ನಿಂತೇ ಎರಡು ಸಲ ಓದಿದೆ. ಬೆರಳು ಮರಗಟ್ಟಿತು.

ವಾಪಸ್ ಬರುವಾಗ ಕಾರಿನಲ್ಲಿ ಅವಳಿಗೆ ನಿಜ ಹೇಳಿದೆ. ಶಾಲೆಗೋಸ್ಕರ ಅಲ್ಲ, ನನಗೆ ಭಯ ಇತ್ತು ಅಂತ. ಬಾಗಿಲ ಹತ್ತಿರ ನಡೆದದ್ದನ್ನೂ ಹೇಳಿದೆ. ಕನ್ನಡದಲ್ಲಿ ಶುರು ಮಾಡಿ, ಮಧ್ಯೆ ಇಂಗ್ಲಿಷಿಗೆ ಹೋಗಿ, ಮತ್ತೆ ಕನ್ನಡಕ್ಕೆ ಬಂದು. ಅವಳು ಕಿಟಕಿಯ ಆಚೆ ನೋಡ್ತಾ ಕೂತಿದ್ದಳು. ಏನೂ ಹೇಳಲಿಲ್ಲ. ಮನೆ ಮುಂದೆ ಇಳಿಯುವಾಗ, ಹಾಗಾದರೆ 'ಎತ್ಕೋ' ಗೊತ್ತಿತ್ತು ನನಗೆ ಅಂದಳು. ಗೊತ್ತಿತ್ತು ಅಂದೆ.

ಸಾಕು. ನಿಮ್ಮೂರಲ್ಲಿ ಈಗ ಬೆಳಗಾಗಿರುತ್ತೆ, ನೀನು ಸ್ಕೂಟರ್ ಒರೆಸ್ತಾ ಇರ್ತೀಯ. ಹಿಂದಿನ ಟೈರ್ ಬದಲಾಯಿಸಿದೆಯಾ? ಅತ್ತಿಗೆ ಕಳಿಸಿದ ಹಲಸಿನ ಹಪ್ಪಳ ಒಂದೇ ವಾರಕ್ಕೆ ಮುಗೀತು, ಅರ್ಧಕ್ಕಿಂತ ಹೆಚ್ಚು ತಿಂದವಳು ಪರೀಕ್ಷೆಗೆ ಓದುವವಳು. ಸೈಕಲ್ ಪಂಪಿನ ಬಾಕಿ ಹಾಗೇ ಇದೆ, ಮರೆತಿಲ್ಲ.

ಒಂದು ಕೆಲಸ ಮಾಡಿಕೊಡು. ನಿಮ್ಮ ಅಟ್ಟದಲ್ಲಿ ಅಪ್ಪನ ಸಾಮಾನಿನ ಪೆಟ್ಟಿಗೆ ಇನ್ನೂ ಇದ್ದರೆ, ಅದರಲ್ಲಿ ಒಂದು ಮೂಸೆ ಉಳಿದಿದ್ದರೆ, ಕೈಯಲ್ಲಿ ಹಿಡಿದು ಒಂದು ಫೋಟೋ ತೆಗೆದು ಕಳಿಸು. ಇವಳಿಗೆ ನೋಡಬೇಕಂತೆ. ಈಗ ಕಾರ್ಡುಗಳನ್ನ ಜೋಡಿಸಿಡುವಾಗ ನೋಡಿದೆ, ಕ್ರೂಸಿಬಲ್ ಕಾರ್ಡಿನ ಹಿಂದೆ 'ಕಠಿಣ ಪರೀಕ್ಷೆ' ಅನ್ನೋದರ ಕೆಳಗೆ ಅವಳು ಇನ್ನೊಂದು ಪದ ಸೇರಿಸಿದ್ದಾಳೆ, ಮೂಸೆ ಅಂತ. ಕನ್ನಡ ಅಕ್ಷರ ಬರಲ್ಲವಲ್ಲ, ಇಂಗ್ಲಿಷಲ್ಲಿ: ಎಂ, ಓ, ಓ, ಎಸ್, ಇ. ಇಲ್ಲಿನ ಕಾಡಲ್ಲಿ ಸಲಿಕೆಯಂಥ ಕೊಂಬು ಹೊತ್ತು ಓಡಾಡುವ ಕುದುರೆಗಿಂತ ಎತ್ತರದ ಒಂದು ಜಿಂಕೆ ಇದೆ, ಮೂಸ್ ಅಂತ. ಅದರ ಸ್ಪೆಲಿಂಗೂ ಇದೇ. ಗುರುವಾರ ಇವಳು ಉತ್ತರಪತ್ರಿಕೆಯಲ್ಲಿ ಇದನ್ನೇ ಬರೆದುಬಿಟ್ಟರೆ, ಸೇಲಂ ನಾಟಕದೊಳಗೆ ಈ ಪ್ರಾಣಿ ಎಲ್ಲಿಂದ ಬಂತು ಅಂತ ಅವಳ ಟೀಚರ್ ರಾತ್ರಿಯಿಡೀ ಹುಡುಕ್ತಾರೆ.

ಇಂತಿ ನಿನ್ನವನೇ,
ರೂಮ್ ನಂಬರ್ ಏಳು